ಮದ್ರಾಸ್ ವಾಪಸ್ ಬಂದದ್ದು ಹೇಗೆ? ಇತಿಹಾಸ ಪಾಠ ಮಾಡುವವರಿಗೊಂದು ಬಹಿರಂಗ ಪತ್ರ

ನಮ್ಮ ಹೈಸ್ಕೂಲುಗಳಲ್ಲಿ ಇತಿಹಾಸ ಕಲಿಸುವ ಮೇಷ್ಟ್ರುಗಳಿಗೆ, ಮೇಡಂಗಳಿಗೆ, ಆ ಪಾಠಗಳನ್ನು ಬರೆದುಕೊಡುವ ಎಲ್ಲರಿಗೂ,

ನಮಸ್ಕಾರ.

ಮೊದಲನೇ ಕರ್ನಾಟಿಕ್ ಯುದ್ಧದ ಪಾಠ ನಿಮಗೆ ಬಾಯಿಪಾಠ ಆಗಿರುತ್ತದೆ. 1746ರಲ್ಲಿ ಫ್ರೆಂಚ್ ನೌಕಾದಳದ ಮುಖ್ಯಸ್ಥ ಲಾ ಬೋರ್ಡೊನೆ ಹಡಗು ತಂದು ಇಂಗ್ಲಿಷರ ಮದ್ರಾಸ್ ಹಿಡಿದ. ಅಡ್ಯಾರ್ ನದಿಯ ದಡದಲ್ಲಿ ಕರ್ನಾಟಿಕ್ ನವಾಬ ಅನ್ವರುದ್ದೀನನ ದೊಡ್ಡ ಸೈನ್ಯ ಫ್ರೆಂಚರ ಸಣ್ಣ ತುಕಡಿಯೆದುರು ಸೋತಿತು. 1748ರಲ್ಲಿ ಯುರೋಪಿನ ಎಕ್ಸ್-ಲಾ-ಶಾಪೆಲ್ ಎಂಬ ಊರಿನಲ್ಲಿ ಒಪ್ಪಂದವಾಯಿತು, ಮದ್ರಾಸ್ ಇಂಗ್ಲಿಷರಿಗೆ ವಾಪಸ್ ಸಿಕ್ಕಿತು. ಅಷ್ಟು ಹೇಳಿ ನಾವು ಎರಡನೇ ಯುದ್ಧಕ್ಕೆ ಹೋಗುತ್ತೇವೆ.

ವಾಪಸ್ ಸಿಕ್ಕಿತು ಅಂದರೆ ಹೇಗೆ? ಗೆದ್ದ ಊರನ್ನು ಯಾರಾದರೂ ಸುಮ್ನೆ ಬಿಟ್ಟುಕೊಡುತ್ತಾರಾ? ತರಗತಿಯಲ್ಲಿ ಚುರುಕಾದ ಹುಡುಗಿಯೊಬ್ಬಳು ಎದ್ದು ನಿಂತು ಈ ಪ್ರಶ್ನೆ ಕೇಳಿದರೆ ನಮ್ಮ ಪಾಠದಲ್ಲಿ ಉತ್ತರ ಇಲ್ಲ. ಉತ್ತರ ಇರುವುದು ಕೆನಡಾದ ಪೂರ್ವ ಕರಾವಳಿಯ ಒಂದು ಕೋಟೆಯಲ್ಲಿ. ಆ ಕೋಟೆಯನ್ನು ಹಿಡಿದ ಪಡೆಯ ಮುಖ್ಯಸ್ಥ ಜೀವಮಾನವಿಡೀ ಮೀನು, ಮರದ ದಿಮ್ಮಿ, ಹಡಗು ಮಾರಿಕೊಂಡಿದ್ದ ವ್ಯಾಪಾರಿ. ಹೆಸರು ವಿಲಿಯಂ ಪೆಪ್ಪರೆಲ್. ಕರ್ನಾಟಿಕ್ ಯುದ್ಧದ ಪಾಠದಲ್ಲಿ ಅವನಿಗೂ ಅವನ ಜೊತೆ ಹೋದವರಿಗೂ ಹತ್ತು ನಿಮಿಷ ಕೊಡಿ ಎಂದು ಕೇಳಲು ಈ ಪತ್ರ.

ಪೆಪ್ಪರೆಲ್ ಹುಟ್ಟಿದ್ದು 1696ರಲ್ಲಿ, ಕಿಟರಿ ಎಂಬ ಊರಿನಲ್ಲಿ. ಇವತ್ತು ಅದು ಅಮೆರಿಕದ ಮೇನ್ ರಾಜ್ಯದಲ್ಲಿದೆ. ಆಗ ಮೇನ್ ಅನ್ನುವುದು ಮ್ಯಾಸಚೂಸೆಟ್ಸ್ ವಸಾಹತಿನ ಒಂದು ಭಾಗ. ಅಪ್ಪನ ಹೆಸರೂ ವಿಲಿಯಂ. ಇಂಗ್ಲೆಂಡಿನ ಡೆವನ್ ಕಡೆಯಿಂದ ಕೈಯಲ್ಲಿ ಕಾಸಿಲ್ಲದೆ ಬಂದವನು, ಕರಾವಳಿಯಾಚೆಯ ಪುಟ್ಟ ದ್ವೀಪಗಳಲ್ಲಿ ಮೀನು ಹಿಡಿದು ಬದುಕು ಕಟ್ಟಿಕೊಂಡ. ಆಮೇಲೆ ಕಿಟರಿಯಲ್ಲಿ ಹಡಗು ಕಟ್ಟುತ್ತಿದ್ದ ಜಾನ್ ಬ್ರೇ ಎಂಬವನ ಮಗಳನ್ನು ಮದುವೆಯಾದ. ಮೀನಿನವನ ಮನೆಗೆ ಹಡಗು ಕಟ್ಟುವವರ ಮಗಳು ಬಂದಳು. ಮುಂದಿನ ಸಂಪತ್ತಿಗೆಲ್ಲ ಅದೇ ಅಡಿಪಾಯ.

ಆ ವ್ಯಾಪಾರ ಹೇಗೆ ನಡೆಯುತ್ತಿತ್ತು ಅನ್ನುವುದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು, ಯಾಕೆಂದರೆ ಮುಂದಿನ ಯುದ್ಧ ಅದರೊಳಗಿಂದಲೇ ಹುಟ್ಟುತ್ತದೆ. ಅಟ್ಲಾಂಟಿಕ್‌ನ ಆ ಭಾಗದಲ್ಲಿ ಕಾಡ್ ಎಂಬ ಮೀನು ಯಥೇಚ್ಛ. ಅದನ್ನು ಸೀಳಿ, ಉಪ್ಪು ಹಾಕಿ, ದಡದ ಮೇಲಿನ ಮರದ ಚೌಕಟ್ಟುಗಳಲ್ಲಿ, ನಮ್ಮ ಕರಾವಳಿಯಲ್ಲಿ ಒಣಮೀನು ಹರಡುವ ಹಾಗೆ, ಬಿಸಿಲಿಗೆ ಹರಡುತ್ತಿದ್ದರು. ಒಣಗಿದ ಮೀನಿನಲ್ಲಿ ದರ್ಜೆಗಳಿದ್ದವು. ಒಳ್ಳೆಯ ಮಾಲು ಸ್ಪೇನ್, ಪೋರ್ಚುಗಲ್‌ಗೆ ಹೋಗುತ್ತಿತ್ತು. ಮುರಿದದ್ದು, ಕೆಟ್ಟದ್ದು, ಯಾರೂ ಕೊಳ್ಳದ್ದು ವೆಸ್ಟ್ ಇಂಡೀಸಿನ ಸಕ್ಕರೆ ತೋಟಗಳಿಗೆ. ಅಲ್ಲಿ ಅದು ಗುಲಾಮರ ಊಟ. ಬರುವಾಗ ಹಡಗಿನಲ್ಲಿ ಕಾಕಂಬಿ, ರಮ್, ಸಕ್ಕರೆ ಬರುತ್ತಿದ್ದವು. ಕಿಟರಿಯ ಪಕ್ಕದ ಪಿಸ್ಕಾಟಕ್ವಾ ನದಿಯ ಮೇಲಿನ ಕಾಡುಗಳಲ್ಲಿ ನೆಟ್ಟಗೆ ಬೆಳೆಯುವ ಬಿಳಿ ಪೈನ್ ಮರಗಳಿದ್ದವು. ಇಂಗ್ಲೆಂಡಿನ ನೌಕಾಪಡೆಯ ಹಡಗುಗಳ ಹಾಯಿಕಂಬಗಳು ಅಲ್ಲಿಂದಲೇ ಹೋಗುತ್ತಿದ್ದವು. ಅಪ್ಪ ಮಗ ಇಬ್ಬರೂ ಇದೆಲ್ಲದರಲ್ಲಿ ಕೈಯಾಡಿಸಿದರು. ಹಡಗು ಕಟ್ಟಿಸಿದರು, ಮಾಲು ತುಂಬಿ ಕಳಿಸಿದರು, ಕೆಲವು ಸಲ ದೂರದ ಬಂದರಿನಲ್ಲಿ ಮಾಲಿನ ಜೊತೆ ಹಡಗನ್ನೂ ಮಾರಿದರು. ಬಂದ ಲಾಭವನ್ನು ಮಗ ಜಮೀನಿಗೆ ಹಾಕಿದ. ಸ್ಯಾಕೊ ನದಿಯ ಹತ್ತಿರ ಅವನು ಕೊಂಡ ಭೂಮಿ ಎಷ್ಟಿತ್ತೆಂದರೆ, ಅಲ್ಲಿ ಬೆಳೆದ ಊರಿಗೆ 1762ರಲ್ಲಿ ಪೆಪ್ಪರೆಲ್‌ಬರೋ ಎಂದೇ ಹೆಸರಿಟ್ಟರು. ಇವತ್ತಿನ ಸ್ಯಾಕೊ ಪಟ್ಟಣ ಅದೇ.

ಒಂದು ಪತ್ರದ ವಿಷಯ ಇಲ್ಲಿ ಹೇಳಲೇಬೇಕು. 1719ರ ಜೂನ್‌ನಲ್ಲಿ ಪೆಪ್ಪರೆಲ್ ಮನೆತನದಿಂದ ಆಂಟಿಗುವಾ ದ್ವೀಪದ ಒಬ್ಬ ವ್ಯಾಪಾರಿಗೆ ಹೋದ ಪತ್ರ. ಮಗ ವಿಲಿಯಂಗೆ ಆಗ ಇಪ್ಪತ್ತಮೂರರ ಆಸುಪಾಸು, ಅಪ್ಪನ ಜೊತೆ ವ್ಯಾಪಾರದಲ್ಲಿದ್ದ. ನಿಮ್ಮ ಪತ್ರವೂ ಐದು ಗುಲಾಮರ ಮತ್ತು ಒಂದು ಪೀಪಾಯಿ ರಮ್‌ನ ಸರಕುಪಟ್ಟಿಯೂ ತಲುಪಿದವು ಎಂದು ಅದರಲ್ಲಿದೆ. ಎದೆಯ ಎಡಗಡೆ ಗುರುತಿನ ಅಕ್ಷರವಿದ್ದ ಒಬ್ಬ ಹೆಂಗಸು, ಔಷಧ ಕೊಡಿಸಿದರೂ, ಬಂದ ಮೂರು ವಾರದಲ್ಲಿ ತೀರಿಕೊಂಡಳಂತೆ. ಉಳಿದ ನಾಲ್ವರೂ ಸಮುದ್ರದಲ್ಲೇ ಸತ್ತರಂತೆ. ಚಳಿ ಕಳೆಯುವ ಮೊದಲೇ ಸರಿಯಾದ ಬಟ್ಟೆಯಿಲ್ಲದೆ ಕಳಿಸಿದ್ದರಿಂದ ಹೀಗಾಗಿರಬಹುದು, ನಿಮ್ಮ ನಷ್ಟಕ್ಕೆ ವಿಷಾದವಿದೆ ಎಂದು ಪತ್ರ ಹೇಳುತ್ತದೆ.

ಐದು ಜೀವ, ಒಂದು ಪೀಪಾಯಿ ರಮ್, ಎರಡೂ ಒಂದೇ ಪಟ್ಟಿಯಲ್ಲಿ. ವಿಷಾದ ಮಾತ್ರ ಮಾಲು ಕಳಿಸಿದವನ ನಷ್ಟಕ್ಕೆ. ಪೆಪ್ಪರೆಲ್ ಮನೆಯಲ್ಲೂ ಗುಲಾಮರಿದ್ದರು. ಈ ಮನುಷ್ಯನ ಕಥೆ ಹೇಳಿ ಎಂದು ಕೇಳುವಾಗ ಇದನ್ನು ಮುಚ್ಚಿಟ್ಟು ಹೇಳಿ ಎಂದು ನಾನು ಕೇಳುತ್ತಿಲ್ಲ. ಮೊದಲು ಇದನ್ನೇ ಹೇಳಿ. ಅವನನ್ನು ಒಬ್ಬ ವೀರನ ಹಾಗೆ ಮಕ್ಕಳ ಮುಂದೆ ನಿಲ್ಲಿಸುವುದು ನನಗೆ ಬೇಕಿಲ್ಲ.

ಇಂಥ ವ್ಯಾಪಾರಿ ಸೈನ್ಯಾಧಿಕಾರಿ ಆದದ್ದು ಹೇಗೆ? ಅಲ್ಲಿನ ವಸಾಹತುಗಳಲ್ಲಿ ಕಾಯಂ ಸೈನ್ಯ ಇರಲಿಲ್ಲ. ಮಿಲಿಷಿಯಾ ಇತ್ತು. ಅಂದರೆ ಊರಿನ ಗಂಡಸರೇ ಬಂದೂಕು ಇಟ್ಟುಕೊಂಡು, ಗೊತ್ತಾದ ದಿನ ಮೈದಾನದಲ್ಲಿ ಸೇರಿ ಕವಾಯತು ಮಾಡುವ ಪಡೆ. ರೈತ, ಬಡಗಿ, ಮೀನುಗಾರ ಎಲ್ಲರೂ ಅದರಲ್ಲಿ ಇರಬೇಕಿತ್ತು. ಅಧಿಕಾರಿಗಳು ಯಾರು? ಊರಿನ ದೊಡ್ಡವರು. ಯಾರ ಅಂಗಡಿಯಲ್ಲಿ ಎಲ್ಲರ ಸಾಲದ ಲೆಕ್ಕ ಇರುತ್ತದೋ, ಯಾರ ಹಡಗಿನಲ್ಲಿ ಎಲ್ಲರಿಗೂ ಕೆಲಸ ಸಿಗುತ್ತದೋ, ಅವರೇ ಕ್ಯಾಪ್ಟನ್, ಅವರೇ ಕರ್ನಲ್. ಪೆಪ್ಪರೆಲ್ ಮೂವತ್ತರ ವಯಸ್ಸಿಗೆ ಮೇನ್ ಭಾಗದ ಇಡೀ ಮಿಲಿಷಿಯಾದ ಕರ್ನಲ್ ಆಗಿದ್ದ. 1727ರಲ್ಲಿ ಗವರ್ನರನ ಸಲಹಾ ಮಂಡಳಿಗೆ ಹೋದ. 1730ರಲ್ಲಿ ಕಾನೂನು ಓದದೆಯೇ ಕೋರ್ಟಿನ ಮುಖ್ಯ ನ್ಯಾಯಾಧೀಶನಾದ. ವ್ಯಾಪಾರ, ಪಡೆ, ಕೋರ್ಟು, ಮಂಡಳಿ, ನಾಲ್ಕೂ ಒಬ್ಬನ ಕೈಯಲ್ಲಿ. ವಸಾಹತಿನ ಆಡಳಿತ ಅಂದರೆ ಏನು ಅನ್ನುವುದು ಮಕ್ಕಳಿಗೆ ಇದರಿಂದ ಚೆನ್ನಾಗಿ ಅರ್ಥವಾಗುತ್ತದೆ.

ಈಗ ಕೋಟೆಗೆ ಬರೋಣ. ಕೇಪ್ ಬ್ರೆಟನ್ ದ್ವೀಪದಲ್ಲಿ ಫ್ರೆಂಚರು ಕಟ್ಟಿಸಿದ ಊರು ಲೂಯಿಬರ್ಗ್. ಸುತ್ತ ಕಲ್ಲಿನ ಗೋಡೆ, ಬಂದರಿನ ಬಾಯಿಗೆ ತೋಪುಗಳ ಕಾವಲು. ಅದೂ ಮೀನಿನ ಊರೇ. ಫ್ರೆಂಚರ ಕಾಡ್ ಮೀನು ಅಲ್ಲಿಂದಲೇ ಹೋಗುತ್ತಿತ್ತು. 1744ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ಯುದ್ಧ ಶುರುವಾಯಿತು. ಆ ಸುದ್ದಿ ಬಂದದ್ದೇ ಲೂಯಿಬರ್ಗಿನವರು ಹತ್ತಿರದ ಕ್ಯಾನ್ಸೊ ಎಂಬ ಇಂಗ್ಲಿಷ್ ಮೀನುಗಾರಿಕೆ ಠಾಣೆಯ ಮೇಲೆ ಬಿದ್ದು ಹಿಡಿದರು. ಸಿಕ್ಕಿಬಿದ್ದವರನ್ನು ಕೋಟೆಗೆ ಒಯ್ದು, ಕೆಲವು ತಿಂಗಳ ಮೇಲೆ ಬಾಸ್ಟನ್‌ಗೆ ಕಳಿಸಿದರು. ಫ್ರೆಂಚರು ಎಡವಿದ್ದು ಇಲ್ಲೇ. ಕೋಟೆಯೊಳಗೆ ಇದ್ದು ಬಂದವರು ಗೋಡೆ ಎಲ್ಲಿ ದುರ್ಬಲ, ಕಾವಲು ಎಷ್ಟು ಅನ್ನುವುದನ್ನೆಲ್ಲ ನೋಡಿಕೊಂಡು ಬಂದಿದ್ದರು. ಅದೇ ಚಳಿಗಾಲದಲ್ಲಿ ಕೋಟೆಯ ಸೈನಿಕರು ತಮ್ಮ ಅಧಿಕಾರಿಗಳ ವಿರುದ್ಧವೇ ದಂಗೆ ಎದ್ದಿದ್ದರು.

ಮ್ಯಾಸಚೂಸೆಟ್ಸ್ ಗವರ್ನರ್ ವಿಲಿಯಂ ಶರ್ಲಿ ಒಬ್ಬ ವಕೀಲ. ಕೋಟೆ ಹಿಡಿಯೋಣ ಎಂದು ಹಟ ಹಿಡಿದವನು ಅವನೇ. ವಸಾಹತಿನ ಸಭೆ ಮೊದಲು ಬೇಡ ಎಂದಿತು. 1745ರ ಜನವರಿಯಲ್ಲಿ ಒಂದೇ ಒಂದು ಮತದ ಅಂತರದಲ್ಲಿ ಒಪ್ಪಿತು. ಆ ಒಂದು ಮತ ಆ ಕಡೆ ಬಿದ್ದಿದ್ದರೆ ಮದ್ರಾಸಿನ ಕಥೆ ಏನಾಗುತ್ತಿತ್ತೋ!

ಮುಖ್ಯಸ್ಥನಾಗಿ ಪೆಪ್ಪರೆಲ್‌ನನ್ನು ಆರಿಸಿದರು. ಅವನು ಒಂದು ಕೋಟೆಗೂ ಮುತ್ತಿಗೆ ಹಾಕಿದವನಲ್ಲ. ಆದರೆ ಸ್ವಂತ ಇಷ್ಟದಿಂದ ಬರುವ ರೈತರು, ಮೀನುಗಾರರು ತಮಗೆ ಗೊತ್ತಿರುವವನ ಹಿಂದೆ ಮಾತ್ರ ಬರುತ್ತಾರೆ. ಪೆಪ್ಪರೆಲ್ ಹೆಸರು ಹೇಳಿದರೆ ಜನ ಬರುತ್ತಿದ್ದರು. ಅವನು ಕೂಡಲೇ ಒಪ್ಪಲಿಲ್ಲ. ಪ್ರಸಿದ್ಧ ಧರ್ಮ ಬೋಧಕ ಜಾರ್ಜ್ ವೈಟ್‌ಫೀಲ್ಡ್‌ನ ಸಲಹೆ ಕೇಳಿದ. ಸೋತರೆ ವಿಧವೆಯರು, ಅನಾಥ ಮಕ್ಕಳು ನಿನ್ನನ್ನೇ ದೂರುತ್ತಾರೆ, ಗೆದ್ದರೆ ಹೊಟ್ಟೆಕಿಚ್ಚಿನವರು ಬಿಡುವುದಿಲ್ಲ ಎಂಬ ಅರ್ಥದ ಎಚ್ಚರಿಕೆ ಅವನಿಂದ ಸಿಕ್ಕಿತು. ಫಿಲಡೆಲ್ಫಿಯಾದಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್ ಬಾಸ್ಟನ್‌ನ ತನ್ನ ಅಣ್ಣನಿಗೆ ಬರೆಯುತ್ತಾ, ಕೋಟೆ ಕಟ್ಟಿದ ಊರು ಗಟ್ಟಿ ಕಾಯಿ, ಅದನ್ನು ಒಡೆದು ನಿಮ್ಮ ಹಲ್ಲಿಗೆ ಅಭ್ಯಾಸವಿಲ್ಲ ಎಂದ. ತಿಳಿದವರ ಲೆಕ್ಕದಲ್ಲಿ ಇದು ಆಗುವ ಕೆಲಸವಾಗಿರಲಿಲ್ಲ.

ಕೊನೆಗೆ ಸುಮಾರು 4,000 ಜನ ಸೇರಿದರು. ಹೆಚ್ಚಿನವರು ಮ್ಯಾಸಚೂಸೆಟ್ಸ್ ಮತ್ತು ಮೇನ್‌ನವರು, ಉಳಿದವರು ಕನೆಕ್ಟಿಕಟ್, ನ್ಯೂ ಹ್ಯಾಂಪ್‌ಶೈರ್‌ನವರು. ನ್ಯೂಯಾರ್ಕ್ 10 ತೋಪು ಎರವಲು ಕೊಟ್ಟಿತು. ಪೆಪ್ಪರೆಲ್ ತನ್ನ ಕೈಯಿಂದ ಸಾವಿರಾರು ಪೌಂಡ್ ಹಾಕಿದ. ಕ್ಯಾನ್ಸೊದಲ್ಲಿ ಮಂಜುಗಡ್ಡೆ ಕರಗುವುದನ್ನು ಕಾದು, ವೆಸ್ಟ್ ಇಂಡೀಸಿನಿಂದ ಬಂದ ಪೀಟರ್ ವಾರನ್‌ನ ಬ್ರಿಟಿಷ್ ಯುದ್ಧನೌಕೆಗಳ ಜೊತೆಗೂಡಿ, ಈಗಿನ ಕ್ಯಾಲೆಂಡರ್ ಲೆಕ್ಕದಲ್ಲಿ 1745ರ ಮೇ 11ರಂದು ಲೂಯಿಬರ್ಗ್ ಪಕ್ಕದ ಗಬರಸ್ ಕೊಲ್ಲಿಯಲ್ಲಿ ಇಳಿದರು.

ಮುತ್ತಿಗೆಯ ಪೂರ್ತಿ ಕಥೆ ತರಗತಿಗೆ ಬೇಡ. ಒಂದು ದೃಶ್ಯ ಸಾಕು, ಮಕ್ಕಳು ಮರೆಯುವುದಿಲ್ಲ.

ಇಳಿದ ಜಾಗಕ್ಕೂ ಕೋಟೆಗೂ ನಡುವೆ ಬರೀ ಜೌಗು. ಪಾಚಿ ಹುಲ್ಲು, ಕೆಳಗೆ ಕಪ್ಪು ಕೆಸರು. ಕೋಟೆಯೊಳಗಿನ ಫ್ರೆಂಚರಿಗೆ ಆ ಕಡೆಯ ಚಿಂತೆಯೇ ಇರಲಿಲ್ಲ. ಅಲ್ಲಿ ತೋಪು ಎಳೆಯಲು ಸಾಧ್ಯವಿಲ್ಲ ಎಂದು ಅವರ ನಂಬಿಕೆ. ಮೊದಲ ತೋಪನ್ನು ಗಾಲಿಯ ಮೇಲಿಟ್ಟು ಎಳೆದಾಗ ಗಾಲಿ, ಗಾಡಿ, ತೋಪು ಮೂರೂ ಕೆಸರಿನೊಳಗೆ ಇಳಿದವು. ಆಗ ಮುಂದೆ ಬಂದವನು ನಥಾನಿಯಲ್ ಮಿಸರ್ವ್. ನ್ಯೂ ಹ್ಯಾಂಪ್‌ಶೈರ್‌ನ ಈ ಅಧಿಕಾರಿ ಮೂಲತಃ ಹಡಗು ಕಟ್ಟುವವನು. ಅವನು 16 ಅಡಿ ಉದ್ದ, 5 ಅಡಿ ಅಗಲದ ಮರದ ಜಾರುಬಂಡಿಗಳನ್ನು ಮಾಡಿಸಿದ. ತೋಪನ್ನು ಅದರ ಮೇಲೆ ಮಲಗಿಸಿ ಕಟ್ಟಿದರು. ಎತ್ತು, ಕುದುರೆ ಹೂಡಿದರೆ ಅವೂ ಹುಗಿಯುತ್ತವೆ. ಹಾಗಾಗಿ ಮನುಷ್ಯರೇ ಹೆಗಲಿಗೆ ಪಟ್ಟಿ ಹಾಕಿಕೊಂಡು, ಒಂದೊಂದು ತೋಪಿಗೆ ಇನ್ನೂರು ಮುನ್ನೂರು ಜನರಂತೆ, ಮಂಡಿಯವರೆಗೆ ಕೆಸರಿನಲ್ಲಿ ಇಳಿದು ಎಳೆದರು. ಹಗಲಲ್ಲಿ ಎಳೆದರೆ ಕೋಟೆಯಿಂದ ಗುಂಡು ಬೀಳುತ್ತದೆ. ಅದಕ್ಕೆ ರಾತ್ರಿ, ಇಲ್ಲ ದಟ್ಟ ಮಂಜು ಮುಸುಕಿದಾಗ. ಅನೇಕರ ಕಾಲಲ್ಲಿ ಬೂಟು ಉಳಿಯಲಿಲ್ಲ. ಒಂದೇ ದಾರಿಯಲ್ಲಿ ಮತ್ತೆ ಎಳೆಯುವಂತಿಲ್ಲ, ತುಳಿದ ಕಡೆ ನೆಲ ಇನ್ನೂ ಕುಸಿಯುತ್ತಿತ್ತು. ಪ್ರತಿ ಸಲ ಹೊಸ ದಾರಿ ಹುಡುಕಬೇಕು.

ಕಾಡಿನಿಂದ ದಿಮ್ಮಿ ಸಾಗಿಸಿ ಅಭ್ಯಾಸವಿದ್ದ ಜನ ಅವರು. ಕಾಯಂ ಸೈನಿಕನಿಗೆ ಹೊಳೆಯದ ಉಪಾಯ ಬಡಗಿಗೆ ಹೊಳೆಯಿತು. ಇಡೀ ಮುತ್ತಿಗೆಯಲ್ಲಿ ಇದು ನನಗೆ ತುಂಬಾ ಇಷ್ಟವಾದ ಭಾಗ.

ಇನ್ನೊಂದು ಪ್ರಸಂಗವೂ ಹೀಗೇ. ಬಂದರಿನ ಮುಖ್ಯ ತೋಪುಖಾನೆಯನ್ನು ಫ್ರೆಂಚರು ಹೆದರಿ ಬಿಟ್ಟುಹೋದರು. ಹೋಗುವಾಗ ತೋಪುಗಳ ಕಿವಿಗೆ, ಅಂದರೆ ಮದ್ದಿಗೆ ಬೆಂಕಿ ತಾಗಿಸುವ ತೂತಿಗೆ, ಮೊಳೆ ಹೊಡೆದು ಕೆಡಿಸಿ ಹೋದರು. ನಾರ್ಥಾಂಪ್ಟನ್ ಊರಿನ ಸೇತ್ ಪಾಮರಾಯ್ ವೃತ್ತಿಯಲ್ಲಿ ಬಂದೂಕು ಮಾಡುವವನು, ಪಡೆಯಲ್ಲಿ ಮೇಜರ್. ಅವನು ಇಪ್ಪತ್ತು ಜನ ಕಮ್ಮಾರರನ್ನು ಕಟ್ಟಿಕೊಂಡು ಆ ಮೊಳೆಗಳನ್ನು ಕೊರೆದು ತೆಗೆದ. ಫ್ರೆಂಚರ ತೋಪು ಫ್ರೆಂಚರ ಊರಿನ ಮೇಲೆಯೇ ತಿರುಗಿತು.

ಎಲ್ಲವೂ ಜಾಣತನವಾಗಿರಲಿಲ್ಲ. ಗೊತ್ತಿಲ್ಲದ ಕೈಗಳು ಮದ್ದು ಜಾಸ್ತಿ ತುಂಬಿ ಎಷ್ಟೋ ತೋಪುಗಳು ಸಿಡಿದು, ಹೊಡೆದವರೇ ಸತ್ತರು. ಬಂದರಿನ ಬಾಯಿಯ ದ್ವೀಪದ ಮೇಲೆ ರಾತ್ರಿ ದೋಣಿಗಳಲ್ಲಿ ಹೋಗಿ ಮಾಡಿದ ದಾಳಿ ಪೂರ್ತಿ ಕೆಟ್ಟಿತು. ಸುಮಾರು 60 ಜನ ಸತ್ತರು, 100ಕ್ಕೂ ಜಾಸ್ತಿ ಜನ ಸೆರೆಯಾದರು. ಪೆಪ್ಪರೆಲ್ ಮತ್ತು ವಾರನ್ ನಡುವೆ ಯಾರ ಮಾತು ನಡೆಯಬೇಕು ಎಂಬ ತಿಕ್ಕಾಟವೂ ಇತ್ತು. ಮನಸ್ತಾಪ ಬೆಳೆಯದಂತೆ ನೋಡಿಕೊಂಡು, ಪದೇಪದೇ ಸಭೆ ಕರೆದು, ಊಟ, ಮದ್ದು, ಹಡಗು ಹೊಂದಿಸಿದ್ದು ಪೆಪ್ಪರೆಲ್‌ನ ವ್ಯಾಪಾರಿ ಬುದ್ಧಿ. ವಾರನ್‌ನ ಹಡಗುಗಳು ಕೋಟೆಗೆ ಮದ್ದು ತರುತ್ತಿದ್ದ ವಿಜಿಲಾಂಟ್ ಎಂಬ ಫ್ರೆಂಚ್ ಯುದ್ಧನೌಕೆಯನ್ನು ಹಿಡಿದ ಮೇಲೆ ಒಳಗಿನವರಿಗೆ ದಿಕ್ಕು ತೋಚಲಿಲ್ಲ. ಜೂನ್ 28ಕ್ಕೆ ಕೋಟೆ ಶರಣಾಯಿತು.

ಬಾಸ್ಟನ್‌ನಲ್ಲಿ ಗಂಟೆ ಬಾರಿಸಿದರು, ದೀಪ ಹಚ್ಚಿದರು. ಕೋಟೆಯೊಳಗಿದ್ದವರಿಗೆ ಸಂಭ್ರಮ ಬೇಗ ಇಳಿಯಿತು. ಶರಣಾಗತಿಯ ಷರತ್ತಿನಂತೆ ಊರಿನವರ ಆಸ್ತಿ ಮುಟ್ಟುವಂತಿಲ್ಲ. ಲೂಟಿಯ ಆಸೆಯಿಂದ ಬಂದವರಿಗೆ ಏನೂ ಸಿಗಲಿಲ್ಲ. ಸಿಕ್ಕಿದ್ದು ನೌಕಾಪಡೆಗೆ. ಕೋಟೆಯ ಮೇಲೆ ಫ್ರೆಂಚ್ ಬಾವುಟವನ್ನು ಹಾಗೇ ಹಾರಿಸಿಟ್ಟು ಮೂರು ಶ್ರೀಮಂತ ಹಡಗುಗಳನ್ನು ಬಲೆಗೆ ಬೀಳಿಸಿದರು. ಒಂದು ಪೆರುವಿನಿಂದ ಬಂದದ್ದು, ಕೋಕೋ ಬೀಜದ ಕೆಳಗೆ ಚಿನ್ನ ಬೆಳ್ಳಿ. ಉಳಿದೆರಡು, ಶಾರ್ಮಾಂತ್ ಮತ್ತು ಹೆರಾನ್, ನಮ್ಮ ಈ ಕಡೆಯ ಸಮುದ್ರದಿಂದ ಮಾಲು ಹೊತ್ತು ಮರಳುತ್ತಿದ್ದ ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು. ಫ್ರೆಂಚ್ ಗವರ್ನರ್ ಡೂಪ್ಲೆ ಪಾಂಡಿಚೇರಿಯಲ್ಲಿ ಕೂತು ಯಾವ ಕಂಪನಿಗೆ ದುಡಿಯುತ್ತಿದ್ದನೋ ಅದೇ ಕಂಪನಿ. ದಯವಿಟ್ಟು ಒಮ್ಮೆ ಭೂಪಟದಲ್ಲಿ ಈ ದಾರಿ ಗುರುತು ಮಾಡಿ ಮಕ್ಕಳಿಗೆ ತೋರಿಸಿ. ಹಿಂದೂ ಮಹಾಸಾಗರದ ಮಾಲು ಕೆನಡಾದ ಮೀನಿನ ಬಂದರಿನಲ್ಲಿ ಸಿಕ್ಕಿಬೀಳುತ್ತದೆ. ಆ ಹಣದಲ್ಲಿ ಕೆಸರಿನಲ್ಲಿ ತೋಪು ಎಳೆದವರಿಗೆ ಒಂದು ಕಾಸೂ ಇಲ್ಲ.

ಗೆದ್ದ ಮೇಲೆ ಮನೆಗೆ ಎಂದು ನಂಬಿ ಬಂದಿದ್ದ ಜನ ಅವರು. ಕೋಟೆ ಕಾಯಲು ಬೇರೆ ಸೈನ್ಯ ಬರುವವರೆಗೆ ಇಲ್ಲೇ ಇರಿ ಎಂದಾಗ ಸಿಟ್ಟೆದ್ದರು. ಶರ್ಲಿಯೇ ಬಂದು ಸಂಬಳ ಹೆಚ್ಚಿಸುವ ಮಾತು ಕೊಟ್ಟು ಸಮಾಧಾನ ಮಾಡಬೇಕಾಯಿತು. ಚಳಿಗಾಲ ಬಂತು. ತೋಪಿನೇಟಿಗೆ ಸೂರು ಹಾರಿಹೋದ ಮನೆಗಳು, ಕೊಳಕು ನೀರು, ಜ್ವರ, ಭೇದಿ. ವಸಂತ ಬರುವಷ್ಟರಲ್ಲಿ 900ಕ್ಕೂ ಜಾಸ್ತಿ ಜನ ಸತ್ತಿದ್ದರು. ಹೋರಾಟದಲ್ಲಿ ಸತ್ತವರಿಗಿಂತ ಇದು ಹಲವು ಪಟ್ಟು. ಕೋಟೆಯ ಪೂರ್ವಕ್ಕಿರುವ ರೋಶ್‌ಫೋರ್ ಎಂಬ ಭೂಚಾಚಿನಲ್ಲಿ ಹಳೆಯ ಗೋರಿಗಳಿವೆ. ಈಗ ಸಮುದ್ರ ಆ ನೆಲವನ್ನು ಕೊರೆಯುತ್ತಿದೆ. ಅಲೆಗೆ ಸಿಗುವ ಮೊದಲು ಮೂಳೆಗಳನ್ನು ಎತ್ತಿಡಲು ಕೆನಡಾದ ಪುರಾತತ್ವದವರು ಕೆಲಸ ಮಾಡುತ್ತಿದ್ದಾರೆ.

ಪೆಪ್ಪರೆಲ್ ಆ ಚಳಿಗಾಲ ಅಲ್ಲೇ ಇದ್ದ. 1746ರಲ್ಲಿ ರಾಜ ಅವನಿಗೆ ಬ್ಯಾರನೆಟ್ ಪದವಿ ಕೊಟ್ಟ. ಅಮೆರಿಕದಲ್ಲಿ ಹುಟ್ಟಿದವರಲ್ಲಿ ಆ ಪದವಿ ಮೊದಲು ಸಿಕ್ಕಿದ್ದು ಅವನಿಗೇ. ಹೆಸರಿನ ಹಿಂದೆ ಸರ್ ಬಂತು.

ಅದೇ 1746ರ ಸೆಪ್ಟೆಂಬರ್‌ನಲ್ಲಿ, ಭೂಮಿಯ ಈ ಬದಿಯಲ್ಲಿ, ಲಾ ಬೋರ್ಡೊನೆ ಮದ್ರಾಸಿನ ಮುಂದೆ ಹಡಗು ನಿಲ್ಲಿಸಿದ. ಗವರ್ನರ್ ನಿಕೊಲಾಸ್ ಮೋರ್ಸ್ ಬೇಗನೆ ಶರಣಾದ. 11 ಲಕ್ಷ ವರಹ ಕೊಟ್ಟರೆ ಊರು ಬಿಡುತ್ತೇನೆ ಎಂದು ಲಾ ಬೋರ್ಡೊನೆ ಮಾತಾಡಿಕೊಂಡ. ಡೂಪ್ಲೆ ಅದನ್ನು ಒಪ್ಪಲಿಲ್ಲ, ಊರನ್ನೇ ಇಟ್ಟುಕೊಂಡ. ಮುಂದಿನದು ನಿಮಗೆ ಗೊತ್ತು.

1748ರಲ್ಲಿ ದೊರೆಗಳ ಕಡೆಯವರು ಎಕ್ಸ್-ಲಾ-ಶಾಪೆಲ್‌ನಲ್ಲಿ ಕೂತರು. ಬ್ರಿಟನ್ ಕೈಯಲ್ಲಿ ಲೂಯಿಬರ್ಗ್ ಇತ್ತು. ಫ್ರಾನ್ಸ್ ಕೈಯಲ್ಲಿ ಮದ್ರಾಸ್ ಇತ್ತು, ಈಗಿನ ಬೆಲ್ಜಿಯಂ ಇರುವ ಪ್ರದೇಶವೂ ಇತ್ತು. ನನ್ನದು ನಿನಗೆ, ನಿನ್ನದು ನನಗೆ ಎಂದಾಯಿತು. ಬರೀ ಮದ್ರಾಸಿಗಾಗಿ ಲೂಯಿಬರ್ಗ್ ಹೋಯಿತು ಎಂದರೆ ತಪ್ಪಾಗುತ್ತದೆ, ಲಂಡನ್‌ಗೆ ಬೆಲ್ಜಿಯಂ ಕಡೆಯ ಚಿಂತೆ ಅದಕ್ಕಿಂತ ಜಾಸ್ತಿ. ಆದರೆ ಲೂಯಿಬರ್ಗ್ ಇಲ್ಲದಿದ್ದರೆ ಬ್ರಿಟನ್ ಬಳಿ ಕೊಡಲು ದೊಡ್ಡದು ಏನೂ ಇರಲಿಲ್ಲ. ಕೋಟೆಯನ್ನು ನಿಜವಾಗಿ ಬಿಟ್ಟುಕೊಡುವವರೆಗೆ ಇಬ್ಬರು ಬ್ರಿಟಿಷ್ ಕುಲೀನರನ್ನು ಒತ್ತೆಯಾಳುಗಳಾಗಿ ಪ್ಯಾರಿಸ್‌ನಲ್ಲಿ ಇರಿಸಿದ್ದರು ಅಂದರೆ ಫ್ರೆಂಚರಿಗೆ ಅದು ಎಷ್ಟು ಬೇಕಾಗಿತ್ತು ನೋಡಿ. 1749ರಲ್ಲಿ ಲೂಯಿಬರ್ಗ್ ಫ್ರೆಂಚರಿಗೆ ಹೋಯಿತು, ಮದ್ರಾಸ್ ಇಂಗ್ಲಿಷರಿಗೆ ಬಂತು.

ಆ ವರ್ಷ ಪೆಪ್ಪರೆಲ್ ಲಂಡನ್‌ನಲ್ಲಿದ್ದ. ಎರಡನೇ ಜಾರ್ಜ್ ರಾಜ ಅವನನ್ನು ಬರಮಾಡಿಕೊಂಡ, ಲಂಡನ್ ನಗರ ಬೆಳ್ಳಿಯ ಪಾತ್ರೆಗಳನ್ನು ಕೊಟ್ಟಿತು. ಅವನು ಗೆದ್ದ ಕೋಟೆ ಮಾತ್ರ ಕೈಬಿಟ್ಟು ಹೋಗಿತ್ತು. ಮ್ಯಾಸಚೂಸೆಟ್ಸ್‌ಗೆ ಖರ್ಚಿನ ಬಾಬ್ತು 183,649 ಪೌಂಡ್ ಕೊಟ್ಟರು. ಹಡಗಿನಲ್ಲಿ 200ಕ್ಕೂ ಜಾಸ್ತಿ ಪೆಟ್ಟಿಗೆ ಸ್ಪ್ಯಾನಿಷ್ ಬೆಳ್ಳಿ ನಾಣ್ಯ, 100 ಪೀಪಾಯಿ ತಾಮ್ರದ ನಾಣ್ಯ ಬಾಸ್ಟನ್‌ಗೆ ಬಂದಿಳಿದವು. ಗಾಡಿಗಳ ಸಾಲು ಬೀದಿಯಲ್ಲಿ ಹೋಯಿತು. ಬೆಲೆ ಕಳೆದುಕೊಂಡಿದ್ದ ತನ್ನ ಕಾಗದದ ಹಣವನ್ನು ವಸಾಹತು ಆ ಬೆಳ್ಳಿ ಕೊಟ್ಟು ಹಿಂತೆಗೆದುಕೊಂಡಿತು. ವಸಾಹತಿನ ಖಜಾನೆಗೆ ಲೆಕ್ಕ ಚುಕ್ತಾ. ಮಗ ಸತ್ತ ಮನೆಗೆ ಆ ಗಾಡಿ ಹೋಗಲಿಲ್ಲ. ಈ ಕೊಡುಕೊಳ್ಳುವಿಕೆಗೆ ಮುಂಚೆ ನ್ಯೂ ಇಂಗ್ಲೆಂಡಿನ, ಅಂದರೆ ಮ್ಯಾಸಚೂಸೆಟ್ಸ್ ಮತ್ತು ಅದರ ನೆರೆಯ ವಸಾಹತುಗಳ, ಯಾರನ್ನೂ ಕೇಳಿರಲಿಲ್ಲ.

ಮದ್ರಾಸಿನವರನ್ನೂ ಕೇಳಲಿಲ್ಲ. ಕೋಟೆಗೆ ಅಂಟಿಕೊಂಡು ಭಾರತೀಯರು ವಾಸವಾಗಿದ್ದ ಪೇಟೆಯ ಮನೆಗಳನ್ನು ಫ್ರೆಂಚರು ತಮ್ಮ ಆಳ್ವಿಕೆಯಲ್ಲಿ ಕೆಡವಿಸಿದ್ದರು. ಊರು ಇಂಗ್ಲಿಷರ ಕೈಗೆ ಮರಳಿತು, ಆ ಮನೆಗಳು ಮರಳಲಿಲ್ಲ. ನೇಕಾರರು, ದುಭಾಷಿಗಳು, ಬಂದರಿನ ಕೂಲಿಗಳು ಇವರ ಹೆಸರು ಯಾವ ಒಪ್ಪಂದದಲ್ಲೂ ಇಲ್ಲ. ಮತ್ತೆ ಇಂಗ್ಲಿಷರದಾದ ಆ ಮದ್ರಾಸಿನ ಬಾಗಿಲಿಗೇ ಅಲ್ವಾ 1769ರಲ್ಲಿ ಹೈದರಾಲಿ ಕುದುರೆ ಪಡೆಯೊಂದಿಗೆ ಬಂದು ಒಪ್ಪಂದ ಮಾಡಿಸಿಕೊಂಡದ್ದು? ಮೈಸೂರಿನ ಪಾಠಕ್ಕೂ ಕಿಟರಿಯ ಮೀನು ವ್ಯಾಪಾರಿಗೂ ಹೀಗೆ ಸಂಬಂಧ ಇದೆ. ನಾವು ಬೇರೆ ಬೇರೆ ಅಧ್ಯಾಯ ಮಾಡಿ ಹೇಳುವುದರಿಂದ ಅದು ಕಾಣುವುದಿಲ್ಲ.

ಪೆಪ್ಪರೆಲ್‌ನ ಉಳಿದ ಬದುಕನ್ನು ಬೇಗ ಮುಗಿಸಬಹುದು. 1751ರಲ್ಲಿ ಒಬ್ಬನೇ ಮಗ ಆಂಡ್ರೂ ತೀರಿಕೊಂಡ. ಬ್ರಿಟಿಷ್ ಸೈನ್ಯದಲ್ಲಿ ಲೆಫ್ಟಿನೆಂಟ್ ಜನರಲ್ ತನಕ ಬಡ್ತಿ ಸಿಕ್ಕಿತು. 1758ರಲ್ಲಿ ಬ್ರಿಟಿಷರು ಲೂಯಿಬರ್ಗನ್ನು ಎರಡನೇ ಸಲ ಹಿಡಿದರು, 1760ರಲ್ಲಿ ಅದರ ಗೋಡೆಗಳನ್ನು ಮದ್ದಿಟ್ಟು ಉಡಾಯಿಸಿದರು. ಅದನ್ನು ನೋಡಲು ಪೆಪ್ಪರೆಲ್ ಇರಲಿಲ್ಲ, 1759ರ ಜುಲೈನಲ್ಲಿ ಕಿಟರಿಯಲ್ಲೇ ಸತ್ತಿದ್ದ. ಮಗಳ ಮಗ ಅವನ ಹೆಸರು, ಆಸ್ತಿ ಪಡೆದ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಆ ಮೊಮ್ಮಗ ರಾಜನ ಪಕ್ಷ ಹಿಡಿದು ಇಂಗ್ಲೆಂಡಿಗೆ ಹೋದ, ಆಸ್ತಿಯನ್ನೆಲ್ಲ ಮುಟ್ಟುಗೋಲು ಹಾಕಿಕೊಂಡರು. ವಿಧವೆ ಮೇರಿ 1760ರಲ್ಲಿ ಕಟ್ಟಿಸಿದ ಮನೆ ಇಂದಿಗೂ ಅಲ್ಲಿದೆ. ಲೂಯಿಬರ್ಗ್‌ನ ಕಾಲು ಭಾಗದಷ್ಟನ್ನು ಕೆನಡಾ ಸರ್ಕಾರ 1961ರಿಂದ ಮತ್ತೆ ಹಾಗೇ ಕಟ್ಟಿಸಿತು, ಗಣಿ ಮುಚ್ಚಿ ಕೆಲಸ ಹೋಗಿದ್ದ ಕಲ್ಲಿದ್ದಲು ಕಾರ್ಮಿಕರ ಕೈಯಿಂದ.

ಇದನ್ನೆಲ್ಲ ಪಾಠದಲ್ಲಿ ತುರುಕಿ ಎಂದು ಹೇಳುತ್ತಿಲ್ಲ. ಸಿಲಬಸ್ ಮುಗಿಸುವ ಒತ್ತಡ ಎಷ್ಟಿದೆ ಎಂಬುದು ಗೊತ್ತು. ಮೂರು ಕೆಲಸ ಮಾಡಿದರೆ ಸಾಕು. ಬೋರ್ಡಿನ ಮೇಲೆ ಒಂದು ಪ್ರಪಂಚದ ನಕ್ಷೆ ತೂಗುಹಾಕಿ, ಕಿಟರಿ, ಆಂಟಿಗುವಾ, ಲೂಯಿಬರ್ಗ್, ಪಾಂಡಿಚೇರಿ, ಮದ್ರಾಸ್ ಐದನ್ನೂ ಮಕ್ಕಳ ಕೈಯಿಂದಲೇ ಗುರುತು ಮಾಡಿಸಿ. 1719ರ ಆ ಪತ್ರದ ವಿಷಯ, ಕೆಸರಿನಲ್ಲಿ ತೋಪು ಎಳೆದ ವಿಷಯ ಹೇಳಿ. ಆಮೇಲೆ ಪರೀಕ್ಷೆಯಲ್ಲಿ ಎಕ್ಸ್-ಲಾ-ಶಾಪೆಲ್ ಒಪ್ಪಂದ ಆದ ವರ್ಷ ಯಾವುದು ಎಂದು ಕೇಳುವ ಬದಲು, ಆ ಒಪ್ಪಂದದಿಂದ ಯಾರಿಗೆ ಏನು ಸಿಕ್ಕಿತು, ಯಾರು ಏನು ಕಳೆದುಕೊಂಡರು ಎಂದು ಒಂದು ಪ್ರಶ್ನೆ ಕೇಳಿ. ಮಕ್ಕಳು ಬರೆಯುತ್ತಾರೆ.

ಪಾಠ ಬರೆಯುವವರಲ್ಲಿ ಕೋರಿಕೆ ಇನ್ನೂ ಚಿಕ್ಕದು. ಮುಂದಿನ ಪರಿಷ್ಕರಣೆಯಲ್ಲಿ 'ಮದ್ರಾಸ್ ಇಂಗ್ಲಿಷರಿಗೆ ಮರಳಿತು' ಎಂಬ ಮಾತಿನ ಮುಂದೆ ಇಷ್ಟು ಸೇರಿಸಿ: 'ಇದಕ್ಕೆ ಪ್ರತಿಯಾಗಿ ಬ್ರಿಟನ್, 1745ರಲ್ಲಿ ವಿಲಿಯಂ ಪೆಪ್ಪರೆಲ್ ಎಂಬ ವ್ಯಾಪಾರಿಯ ಕೆಳಗೆ ನ್ಯೂ ಇಂಗ್ಲೆಂಡಿನ ರೈತರು ಮತ್ತು ಮೀನುಗಾರರು ಗೆದ್ದಿದ್ದ ಲೂಯಿಬರ್ಗ್ ಕೋಟೆಯನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟಿತು. ಆ ಕೋಟೆಯನ್ನು ಗೆದ್ದು ಕಾಯುವಾಗ ಸಾವಿರದಷ್ಟು ಜನ ಸತ್ತಿದ್ದರು.'

ಇಂತಿ,
ಇತಿಹಾಸದ ಒಬ್ಬ ಓದುಗ